ಒದ್ದೆ ಗೋಣಿಯ ಪೆಟ್ಟಿಗೆ

೨೦೧೩ರ ಮಾರ್ಚ್ ೧೨, ಮಂಗಳವಾರ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕರ್ನಬಿನ್ ಎಂಬ ಗಣಿಯೂರಿನ ಪೊಲೀಸ್ ಠಾಣೆಯ ಮೇಜಿನ ಮೇಲೆ ಒಂದು ಗಾಜಿನ ಭರಣಿ ಬಂದು ಕೂತಿತು. ಹಣ್ಣುಗಳನ್ನು ಪಾಕದಲ್ಲಿ ಹಾಕಿಡುವ ಹಳೇ ಕಾಲದ ಭರಣಿ, ಕಂಬಿಯ ಚಿಲಕದ್ದು. ಒಳಗೆ ಗಾಂಜಾ ಮೊಗ್ಗುಗಳು. ಅದನ್ನು ತಂದವಳು ಸಾಂಡ್ರಾ ವುಲೆಟಿಚ್. ಪರ್ತ್ ನಗರದಿಂದ ಆರು ನೂರು ಕಿಲೋಮೀಟರ್ ಒಬ್ಬಳೇ ಕಾರು ಓಡಿಸಿಕೊಂಡು ಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಅವಳ ಅಪ್ಪ ಮಾಟೆ ವುಲೆಟಿಚ್ ಊರಿಗೆಲ್ಲ ಗೊತ್ತಿದ್ದವನು. ನಲವತ್ತು ವರ್ಷ ಚಿನ್ನದ ಗಣಿಯಲ್ಲಿ ಪಂಪು ರಿಪೇರಿ ಮಾಡಿದವನು. ಎಪ್ಪತ್ತೊಂದನೆಯ ವಯಸ್ಸಿಗೆ ರಕ್ತದ ಕ್ಯಾನ್ಸರ್ ಬಂತು. ಪರ್ತಿನಲ್ಲಿ ಎರಡು ಸುತ್ತು ಔಷಧಿ ತೆಗೆದುಕೊಂಡು, ಸಾಯುವುದಾದರೆ ನನ್ನ ಮನೆಯಲ್ಲೇ ಸಾಯುತ್ತೇನೆ ಎಂದು ಜನವರಿಯಲ್ಲಿ ಊರಿಗೆ ಬಂದಿದ್ದ. ಆದರೆ ಉಸಿರಾಡಲಾಗದೆ ಮತ್ತೆ ಪರ್ತಿನ ಆಸ್ಪತ್ರೆ ಸೇರಿ ಅಲ್ಲೇ ಸತ್ತ, ಫೆಬ್ರವರಿ ೨೬ರಂದು. ಅದೂ ಕ್ಯಾನ್ಸರಿನಿಂದಲ್ಲ. ಔಷಧಿಯ ಹೊಡೆತಕ್ಕೆ ಮೈಯ ಕಾವಲೆಲ್ಲ ಬಿದ್ದುಹೋಗಿದ್ದವನ ಶ್ವಾಸಕೋಶದಲ್ಲಿ ಬೂಷ್ಟು ಬೆಳೆದಿತ್ತು. ಇವರು ಏನಾದರೂ ಸೇದುತ್ತಿದ್ದರೇ ಎಂದು ಡಾಕ್ಟರು ಕೇಳಿದ ಮೇಲೆ ಸಾಂಡ್ರಾ ಅಪ್ಪನ ಚೀಲ ಹುಡುಕಿದ್ದಳು. ಸಿಕ್ಕಿದ ಭರಣಿಯಲ್ಲಿ ಅದೇ ಜಾತಿಯ ಬೂಷ್ಟು ಇತ್ತು. ಆಸ್ಪತ್ರೆಯ ವರದಿಯನ್ನು ಅವಳು ಭರಣಿಯ ಪಕ್ಕದಲ್ಲಿಟ್ಟಳು.

"ಇನ್ನೂ ಮೂರು ತಿಂಗಳು ಬದುಕ್ತಿದ್ರು ಅಂದ್ರು ಡಾಕ್ಟ್ರು. ಆ ಮೂರು ತಿಂಗಳನ್ನ ಯಾರೋ ಕಿತ್ಕೊಂಡ್ರು" ಎಂದಳು. "ಯಾರು ಅಂತ ನನಗೆ ಬೇಕು, ಸಾರ್ಜೆಂಟ್."

ಸಾರ್ಜೆಂಟ್ ಗ್ರೇಮ್ ಟಾಂಕಿನ್ ದೂರು ಬರೆದುಕೊಂಡು ಕೇಸು ದಾಖಲಿಸಿದ. ಐವತ್ತೆರಡು ವರ್ಷದವನು, ಹುಟ್ಟಿದ್ದೂ ಬೆಳೆದದ್ದೂ ಇದೇ ಊರಲ್ಲಿ. ಠಾಣೆಯಲ್ಲಿ ಅವನಲ್ಲದೆ ಇದ್ದವಳು ಕಾನ್ಸ್‌ಟೇಬಲ್ ಲೀನಾ ಪಾರ್ಕ್ ಒಬ್ಬಳೇ. ಸಮುದ್ರದ ಕಡೆಯವಳು, ಬಂದು ಏಳು ತಿಂಗಳಾಗಿತ್ತು, ಇನ್ನೂ ಬಿಸಿಲನ್ನು ಬೈಯುವುದು ಬಿಟ್ಟಿರಲಿಲ್ಲ. ಭರಣಿಯನ್ನು ಮೊಹರು ಮಾಡಿ ಪರ್ತಿನ ಪ್ರಯೋಗಾಲಯಕ್ಕೆ ಕಳಿಸಿದ್ದು ಅವಳೇ.

ಮೂರು ದಿನದಲ್ಲಿ ಇಬ್ಬರೂ ಹತ್ತೊಂಬತ್ತು ಮನೆ ಹತ್ತಿ ಇಳಿದರು. ಮಾಟೆ ಒಳ್ಳೆಯವನು ಎಂದರು ಎಲ್ಲರೂ. ಈ ವರ್ಷ ಬಿಸಿಲು ಜಾಸ್ತಿ ಎಂದರು. ಭರಣಿಯ ಮಾತು ತೆಗೆದರೆ ಮಾತ್ರ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಆರುನೂರು ಜನರ ಊರು ಒಟ್ಟಾಗಿ ಬಾಯಿ ಮುಚ್ಚಿ ಕೂತರೆ ಇಬ್ಬರು ಪೊಲೀಸರು ಏನು ಮಾಡಿಯಾರು?

ಮಾರ್ಚ್ ೧೫, ಶುಕ್ರವಾರ, ಹನ್ನೊಂದೂವರೆಗೆ ಶೇನ್ ಪಿಟ್‌ನನ್ನು ಠಾಣೆಗೆ ಕರೆಸಿದರು. ಊರಿನಲ್ಲಿ ಗಾಂಜಾ ಮಾರುವವನೆಂದರೆ ಶೇನ್, ಅದು ಗುಟ್ಟೇನಲ್ಲ. ಎರಡು ಸಲ ಒಳಗೆ ಹೋಗಿ ಬಂದವನು, ಠಾಣೆಯ ಫ್ಯಾನಿನ ಕೆಳಗೆ ಯಾವ ಕುರ್ಚಿಗೆ ಗಾಳಿ ಹೆಚ್ಚು ಎಂಬುದೂ ಅವನಿಗೆ ಗೊತ್ತಿತ್ತು. ಅದರಲ್ಲೇ ಕೂತ. ಭರಣಿಯ ಫೋಟೋ ನೋಡಿ ನಕ್ಕ.

"ಇದು ನಂದಲ್ಲ, ಸಾರ್ಜ್."

"ಎಲ್ಲರೂ ಹಾಗೇ ಹೇಳ್ತಾರೆ."

"ಬೂಷ್ಟು ಅಂದ್ರಲ್ಲ. ಈ ಊರಲ್ಲಿ ಬ್ರೆಡ್ಡಿಗೇ ಬೂಷ್ಟು ಬರಲ್ಲ, ಕಲ್ಲಾಗುತ್ತೆ. ನಾನು ಸೊಪ್ಪು ಕೊಯ್ದು ತಗಡಿನ ಮೇಲೆ ಹರಡಿದ್ರೆ ಒಂದೂವರೆ ದಿನಕ್ಕೆ ಗರಿಗರಿ. ಮುಟ್ಟಿದ್ರೆ ಪುಡಿ."

"ಸೇದಿದ್ರೆ?"

"ಗಂಟಲು ಹರಿದುಹೋಗುತ್ತೆ. ಆದ್ರೂ ತಗೊಳ್ತಾರೆ, ಬೇರೆ ಎಲ್ಲಿ ಹೋಗ್ತಾರೆ?" ಫೋಟೋವನ್ನು ಮತ್ತೆ ಎತ್ತಿ ಕಣ್ಣ ಹತ್ತಿರ ಹಿಡಿದ. ಈ ಸಲ ನಗಲಿಲ್ಲ. "ಇದನ್ನ ನೆರಳಲ್ಲಿ, ತಂಪಲ್ಲಿ, ಎರಡು ಮೂರು ವಾರ ನಿಧಾನಕ್ಕೆ ಒಣಗಿಸಿದಾರೆ. ಆಮೇಲೆ ಭರಣಿಗೆ ತುಂಬಿ ಹದಕ್ಕಿಟ್ಟಿದಾರೆ. ಒಂದೊಂದು ಎಲೇನೂ ಕತ್ತರೀಲಿ ಸವರಿದಾರೆ ನೋಡಿ. ಮಾರೋನಿಗೆ ಇಷ್ಟು ಪುರಸೊತ್ತು ಎಲ್ಲಿಂದ ಬರುತ್ತೆ? ಇದು ಯಾರೋ ಪ್ರೀತಿಯಿಂದ ಮಾಡಿದ್ದು. ಒಳಗಿನ ತೇವ ಆರೋಕೆ ಮೊದಲೇ ಮುಚ್ಚಳ ಹಾಕಿದ್ರು, ಅಷ್ಟೇ."

ಈ ಬಿಸಿಲಲ್ಲಿ ತಂಪು ಎಲ್ಲಿಂದ ತಂದರು ಎಂದು ಲೀನಾ ಕೇಳಿದಳು. ಶೇನ್ ಭುಜ ಕುಣಿಸಿದ. ಏರ್‌ಕಂಡೀಷನರ್ ಇದ್ದರೂ ಅದರ ಗಾಳಿ ಒಣಗಾಳಿಯೇ, ಅದರಲ್ಲಿ ಬೂಷ್ಟು ಹುಟ್ಟುವುದಿಲ್ಲ ಎಂದ. ಅವನ ಮನೆಯನ್ನೂ ಜಾಲಾಡಿದರು. ಹೇಳಿದ ಹಾಗೆಯೇ ತಗಡಿನ ಮೇಲೆ ಹುಲ್ಲಿನಂಥ ಒಂದಿಷ್ಟು ಸೊಪ್ಪು ಸಿಕ್ಕಿತು. ಅದಕ್ಕೆ ಬೇರೆಯೇ ಕೇಸು ಬರೆದರು.

ಮಾರ್ಚ್ ೨೦, ಬುಧವಾರ, ಮಧ್ಯಾಹ್ನ ಎರಡಕ್ಕೆ ಪ್ರಯೋಗಾಲಯದ ವರದಿ ಬಂತು. ಬೆರಳಚ್ಚು ಇತ್ತು, ಆದರೆ ಪೊಲೀಸರ ಬಳಿ ಇದ್ದ ಯಾವುದಕ್ಕೂ ತಾಳೆಯಾಗಲಿಲ್ಲ. ಕೊನೆಯಲ್ಲಿ ಒಂದು ಸಾಲು: ಮೊಗ್ಗುಗಳಿಗೆ ಸೆಣಬಿನ ಎಳೆಗಳು ಅಂಟಿವೆ, ಎಳೆಗಳು ಬಹುಕಾಲ ನೀರಿನಲ್ಲಿ ನೆನೆದಂಥವು.

"ಗೋಣಿಚೀಲದಲ್ಲಿ ತುಂಬಿಟ್ಟಿದ್ರೇನೋ" ಎಂದಳು ಲೀನಾ. "ಆದ್ರೆ ನೆನೆಸಿದ ಚೀಲದಲ್ಲಿ ಯಾಕೆ ತುಂಬ್ತಾರೆ?"

ಟಾಂಕಿನ್ ಆ ಸಾಲನ್ನು ಮತ್ತೊಮ್ಮೆ ಓದಿದ. ಅವನಿಗೆ ಹೊಳೆದಿತ್ತು. ತುಂಬಿಟ್ಟದ್ದಲ್ಲ, ಸುತ್ತಿದ್ದು. ತಂತಿಬಲೆಯ ಒಂದು ಪೆಟ್ಟಿಗೆ, ಅದರ ನಾಲ್ಕೂ ಕಡೆಗೆ ಗೋಣಿತಟ್ಟು, ತಲೆಯ ಮೇಲೆ ನೀರಿನ ತಟ್ಟೆ. ತಟ್ಟೆಯಿಂದ ಇಳಿಬಿಟ್ಟ ಬಟ್ಟೆಪಟ್ಟಿಗಳಲ್ಲಿ ನೀರು ಹನಿಹನಿಯಾಗಿ ಗೋಣಿಗೆ ಇಳಿಯುತ್ತದೆ, ಬಿಸಿಗಾಳಿ ಬೀಸಿದಷ್ಟೂ ಪೆಟ್ಟಿಗೆಯ ಒಳಗೆ ತಂಪು. ಫ್ರಿಜ್ ಬರುವ ಮೊದಲು ಈ ಚಿನ್ನದ ಸೀಮೆಯ ಮನೆಮನೆಯಲ್ಲೂ ಮಾಂಸ, ಬೆಣ್ಣೆ ಕಾಯುತ್ತಿದ್ದದ್ದು ಅದೇ. ಕೂಲ್ಗಾರ್ಡಿ ಪೆಟ್ಟಿಗೆ ಎನ್ನುತ್ತಿದ್ದರು. ಈಗ ಊರಿನಲ್ಲಿ ಉಳಿದಿದ್ದದ್ದು ಒಂದೇ ಒಂದು, ಮೆರ್ಲ್ ಹಾಕಿಂಗ್‌ಳ ಹಿತ್ತಿಲ ಜಗಲಿಯಲ್ಲಿ. ಮೆರ್ಲ್‌ಳ ಹಿತ್ತಿಲ ಬೇಲಿಯ ಆಚೆಗೆ ಮಾಟೆಯ ಮನೆ. ಕಣ್ಣಿಗೆ ಪೊರೆ ಬಂದ ಮುದುಕಿ ಏನು ಕಂಡಿರುತ್ತಾಳೆಂದು ಅವಳ ಬಾಗಿಲನ್ನು ಮಾತ್ರ ತಟ್ಟಿರಲಿಲ್ಲ.

ಟಾಂಕಿನ್‌ಗೆ ಆರು ವರ್ಷವಾಗಿದ್ದಾಗ ತಾಯಿ ತೀರಿಹೋದಳು. ಅಪ್ಪ ದಿನಾ ಗಣಿಯಿಂದ ಬರುವವರೆಗೆ ಅವನನ್ನು ಹತ್ತು ವರ್ಷ ನೋಡಿಕೊಂಡವಳು ಮೆರ್ಲ್ ಆಂಟಿ. ಆ ಪೆಟ್ಟಿಗೆಯ ಬಾಗಿಲು ತೆಗೆದು ತಣ್ಣನೆಯ ಹಾಲು ಕುಡಿದವನು ಅವನು. ನೀರಿನ ತಟ್ಟೆ ತುಂಬಿಸುವುದು ಅವನದೇ ಕೆಲಸವಾಗಿತ್ತು.

ಮೇಲಧಿಕಾರಿಗೆ ಫೋನ್ ಮಾಡಿ, ಶಂಕಿತೆ ನನಗೆ ಬಹಳ ಬೇಕಾದವಳು, ಬೇರೆಯವರನ್ನು ಕಳಿಸಿ ಎಂದು ಕೇಳಿದ. ಆ ಊರಲ್ಲಿ ನಿನಗೆ ಬೇಡವಾದವರು ಯಾರಿದ್ದಾರೆ ಹೇಳು, ನೀನೇ ಹೋಗು ಎಂದು ಅತ್ತಲಿಂದ ಉತ್ತರ ಬಂತು. ಗುರುವಾರ ಅವನು ಹೋಗಲಿಲ್ಲ. ಠಾಣೆಯ ಗಾಡಿಯ ಎಂಜಿನ್ ಬಿಸಿಯಾಗುತ್ತಿದೆ, ರಿಪೇರಿ ಆಗಬೇಕು ಎಂದು ಲೀನಾಗೆ ಹೇಳಿದ. ಮೆರ್ಲ್‌ಳ ಮನೆ ಠಾಣೆಯಿಂದ ಎರಡೇ ಬೀದಿ. ಲೀನಾ ಗಾಡಿಯ ಬೀಗದ ಕೈಯನ್ನು ಗೂಟಕ್ಕೆ ಸಿಕ್ಕಿಸಿದಳು.

ಮಾರ್ಚ್ ೨೨, ಶುಕ್ರವಾರ, ಮಧ್ಯಾಹ್ನ ಮೂರು ಇಪ್ಪತ್ತು. ಹೊರಗೆ ನಲವತ್ತೊಂದು ಡಿಗ್ರಿ. ಮೆರ್ಲ್ ಹಿತ್ತಿಲ ಜಗಲಿಯಲ್ಲೇ ಕೂತಿದ್ದಳು. ಎಂಬತ್ತು ವರ್ಷ, ಎರಡೂ ಕಣ್ಣಿಗೆ ಪೊರೆ. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಳು.

"ಗ್ರೇಮಿ. ಟೀ ಇಡ್ಲಾ?"

"ಬೇಡ ಆಂಟಿ. ಇವಳು ಲೀನಾ, ಜೊತೇಲಿ ಕೆಲಸ ಮಾಡೋಳು. ಪೆಟ್ಟಿಗೆ ನೋಡಬೇಕು."

"ನೋಡು. ನಿನಗೇನು ಹೊಸದಾ ಅದು?"

ಬಾಗಿಲು ತೆಗೆದರೆ ಹಾಲಿರಲಿಲ್ಲ. ಗಾಂಜಾದ ಕೊಂಬೆಗಳನ್ನು ದಾರದಲ್ಲಿ ಕಟ್ಟಿ ತಲೆಕೆಳಗಾಗಿ ತೂಗುಹಾಕಿತ್ತು, ಒಂದಕ್ಕೊಂದು ತಾಗದಂತೆ. ಒಳಗಿಂದ ತಂಪು ಗಾಳಿ ಮುಖಕ್ಕೆ ಬಡಿಯಿತು. ಲೀನಾ ಫೋಟೋ ತೆಗೆದಳು. ಟಾಂಕಿನ್ ಕಾನೂನಿನ ಎಚ್ಚರಿಕೆಯ ಮಾತುಗಳನ್ನು ಹೇಳಿ ಮುಗಿಸುವವರೆಗೆ ಮುದುಕಿ ತಲೆ ಅಲ್ಲಾಡಿಸುತ್ತಾ ಕೇಳಿದಳು.

"ಮಾಟೆಗೆ ಕೊಟ್ಟೋಳು ನೀನೇನಾ?"

"ನಾನೇ. ಟೊಮೇಟೊ ಸಾಲಿನ ಹಿಂದೆ ಹೋದ ವರ್ಷದಿಂದ ಬೆಳೀತಿದೀನಿ. ಬೇಲಿ ಮೇಲಿಂದ ಕೊಡ್ತಿದ್ದೆ."

"ದುಡ್ಡು?"

"ಅವನ ಹತ್ರ ದುಡ್ಡು ತಗೊಳ್ಳೋದಾ? ನಿನಗೆ ಬಿಸಿಲು ತಲೆಗೆ ಹತ್ತಿದೆ."

ಉಳಿದದ್ದನ್ನು ಅವಳಾಗಿಯೇ ಹೇಳಿದಳು. ಗಂಡ ಆಲ್ಫ್ ೧೯೮೭ರಲ್ಲಿ ಗಣಿಯ ದೂಳಿಗೆ ಶ್ವಾಸಕೋಶ ಕಲ್ಲಾಗಿ ಸತ್ತಿದ್ದ. ಏಳು ತಿಂಗಳು ಈ ಜಗಲಿಯಲ್ಲೇ ಕೆಮ್ಮಿದ, ನೀರು ನುಂಗಿದರೂ ಗಂಟಲು ಉರಿ ಎಂದು ಅಳುತ್ತಿದ್ದ, ಅವನಿಗಾಗಿ ಅವಳು ಮಾಡಬಹುದಾದ್ದು ಒಂದೂ ಇರಲಿಲ್ಲ. ಮಾಟೆ ಆಸ್ಪತ್ರೆಯಿಂದ ಬಂದಾಗ ತಿಂದದ್ದೆಲ್ಲ ವಾಂತಿ. ಶೇನ್ ಕೊಟ್ಟ ಸೊಪ್ಪು ಸೇದಿದರೆ ಹಸಿವೇನೋ ಆಗುತ್ತಿತ್ತು, ಆದರೆ ಗಂಟಲು ಹರಿದುಹೋಗುವಂಥ ಕೆಮ್ಮು. ಆ ಕೆಮ್ಮು ಬೇಲಿ ದಾಟಿ ಇವಳಿಗೆ ಕೇಳುತ್ತಿತ್ತು.

"ಆಲ್ಫನೇ ಮತ್ತೆ ಕೆಮ್ಮಿದ ಹಾಗಾಯ್ತು ನನಗೆ" ಎಂದಳು. "ಬೇಗ ಒಣಗಿದ್ದಕ್ಕೇ ಉರಿ ಅಂತ ಶೇನೇ ಹೇಳಿದ. ನಿಧಾನಕ್ಕೆ ಒಣಗಿಸೋಣ ಅಂತ ಪೆಟ್ಟಿಗೆ ತೊಳೆದೆ. ಗಂಟಲಿಗೆ ಮೆತ್ತಗಿರಲಿ ಅಂತ ಇನ್ನೂ ಸ್ವಲ್ಪ ಹಸಿ ಇದ್ದಾಗಲೇ ಭರಣಿಗೆ ಹಾಕ್ದೆ. ಎಷ್ಟು ಚೆನ್ನಾಗಿ ಬಂತು ಗೊತ್ತಾ? ಮೇಲೆಲ್ಲ ಬೆಳ್ಳಗೆ, ಸಕ್ಕರೆ ಉದುರಿಸಿದ ಹಾಗೆ. ಅದೇ ಒಳ್ಳೇದರ ಗುರುತು ಅಂತಾರೆ. ಮಾಟೆ ಸೇದಿ, ಕೆಮ್ಮಲೇ ಇಲ್ಲ. ಆವತ್ತು ಎರಡು ತುಂಡು ಕುರಿಮಾಂಸ ತಿಂದ."

ಲೀನಾ ಬರೆಯುತ್ತಿದ್ದವಳು ನಿಲ್ಲಿಸಿದಳು. ಟಾಂಕಿನ್ ತಲೆ ಎತ್ತಲಿಲ್ಲ. ಎಂಬತ್ತು ವರ್ಷ ಈ ಒಣನೆಲದಲ್ಲಿ ಬದುಕಿದವಳು ಬೂಷ್ಟನ್ನು ಎಲ್ಲಿ ನೋಡಿರಬೇಕು? ನೋಡಿದ್ದರೂ ಆ ಕಣ್ಣಿಗೆ ಏನು ಕಾಣಬೇಕು?

"ಕಾಯಿಲೇಲೇ ತಾನೆ ಹೋದದ್ದು ಅವನು?" ಎಂದು ಮೆರ್ಲ್ ಕೇಳಿದಳು.

ಸುಳ್ಳು ಹೇಳಬಹುದಿತ್ತು. ಆದರೆ ಅವಳ ಮೇಲೆ ಬರೆಯುವ ಆರೋಪದಲ್ಲೇ ಅದು ಇರುತ್ತಿತ್ತು, ಕೋರ್ಟಿನಲ್ಲಿ ಯಾರೋ ಗಟ್ಟಿಯಾಗಿ ಓದುತ್ತಿದ್ದರು. ಟಾಂಕಿನ್ ಹೇಳಿದ. ಬಿಳಿಯದ್ದು ಏನೆಂದು ಹೇಳಿದ, ಅದು ಮಾಟೆಯ ಎದೆಗೆ ಹೇಗೆ ಇಳಿಯಿತೆಂದು ಹೇಳಿದ. ಹೇಳುವಾಗ ಅವನ ಕಣ್ಣು ಗೋಣಿಯ ಮೇಲೇ ಇತ್ತು.

ಮೆರ್ಲ್ ತಡವಿ ಪೆಟ್ಟಿಗೆಯ ಬಾಗಿಲು ಮುಚ್ಚಿದಳು.

"ಶೇನನ ಹಾಗೆ ತಗಡಿನ ಮೇಲೆ ಬಿಸಾಕಿದ್ರೆ ಬದುಕ್ತಿದ್ನಾ?"

"ಇನ್ನೂ ಕೆಲವು ದಿನ ಇರ್ತಿದ್ದ."

"ಎಷ್ಟು?"

"ಮೂರು ತಿಂಗಳು ಅಂತ ಡಾಕ್ಟ್ರು ಬರೆದಿದಾರೆ. ಮೇ ಕೊನೆ, ಜೂನ್."

"ಜೂನ್" ಎಂದಳು ಅವಳು. "ಜೂನಿಗೆ ಚಳಿ ಬರ್ತಿತ್ತು. ಇಲ್ಲಿ ಚಳಿ ಅಂದ್ರೆ ಅವನಿಗೆ ಪ್ರಾಣ."

ಆಮೇಲೆ ಏನೋ ನೆನಪಾದಂತೆ ಕೈಚಾಚಿ ಅವನ ತೋಳು ಹುಡುಕಿ ಹಿಡಿದುಕೊಂಡಳು. "ಡಾಟ್ ಪೆನ್ರೋಸ್ ಹತ್ರ ಒಂದು ಭರಣಿ ಇದೆ. ಅದೇ ಸಲದ್ದು. ಓಡು ಗ್ರೇಮಿ."

ಓಡಿದವಳು ಲೀನಾ. ಡಾಟ್‌ಗೆ ಅರವತ್ತು ವರ್ಷ, ಎದೆಯ ಕ್ಯಾನ್ಸರು, ಅವಳಿಗೂ ಅದೇ ಬಗೆಯ ಔಷಧಿ ನಡೆಯುತ್ತಿತ್ತು. ಅರ್ಧ ಗಂಟೆಯಲ್ಲಿ ಲೀನಾ ಭರಣಿ ಹಿಡಿದು ವಾಪಸು ಬಂದಳು. ಅದರಲ್ಲಿ ಕಾಲು ಭಾಗ ಖಾಲಿಯಾಗಿತ್ತು. ಡಾಟ್ ಅದನ್ನು ಕೊಡಲು ಒಪ್ಪಿರಲಿಲ್ಲವಂತೆ. ವಿಷಯ ತಿಳಿಸಿದ ಮೇಲೂ, ನಾಳೆಯಿಂದ ನಾನು ಏನು ತಿನ್ನಲಿ, ಹೇಗೆ ತಿನ್ನಲಿ ಎಂದು ಕೇಳಿದಳಂತೆ. ಲೀನಾ ಆಂಬುಲೆನ್ಸ್‌ಗೆ ಹೇಳಿ ಬಂದಿದ್ದಳು.

"ಭರಣಿ ಯಾವತ್ತು ತೆರೆದ್ಲಂತೆ?" ಎಂದು ಟಾಂಕಿನ್ ಕೇಳಿದ.

"ನಿನ್ನೆ, ಸಾರ್ಜ್. ನಿನ್ನೆ ಬೆಳಿಗ್ಗೆ."

ಸಂಜೆ ನಾಲ್ಕು ನಲವತ್ತಕ್ಕೆ ಮೆರ್ಲ್ ಹಾಕಿಂಗ್‌ಳನ್ನು ಬಂಧಿಸಲಾಯಿತು. ನಿಷೇಧಿತ ಗಿಡ ಬೆಳೆದದ್ದು, ಇತರರಿಗೆ ಕೊಟ್ಟದ್ದು, ಅದರಿಂದ ಒಬ್ಬ ಸತ್ತದ್ದು. ಕೈಗೆ ಬೇಡಿ ಹಾಕಲಿಲ್ಲ, ತೋಳು ಹಿಡಿದು ಗಾಡಿ ಹತ್ತಿಸಿದರು. ಮಹಜರಿನಲ್ಲಿ ಲೀನಾ ಒಂದೊಂದೇ ಬರೆದಳು: ಗಾಂಜಾ ಕೊಂಬೆ ಹದಿನಾಲ್ಕು, ಗಾಜಿನ ಭರಣಿ ಮೂರು, ತಂತಿಬಲೆಯ ಪೆಟ್ಟಿಗೆ ಒಂದು, ಅದಕ್ಕೆ ಸುತ್ತಿದ ಒದ್ದೆ ಗೋಣಿ. ಪೆಟ್ಟಿಗೆಯನ್ನು ಗಾಡಿಗೆ ಕಟ್ಟಿ ಎರಡು ಬೀದಿ ದಾಟಿ ಠಾಣೆಯ ಅಂಗಳದಲ್ಲಿ ಇಳಿಸುವ ಹೊತ್ತಿಗೆ ಗೋಣಿ ಒಣಗಿ ಸೆಟೆದುಕೊಂಡಿತ್ತು. ಲೀನಾ ಒದ್ದೆ ಎಂಬ ಮಾತನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಿದಳು.

ಸಾಂಡ್ರಾಗೆ ಟಾಂಕಿನ್ ಫೋನಿನಲ್ಲಿ ತಿಳಿಸಿದ. ಅವಳೂ ಚಿಕ್ಕವಳಿದ್ದಾಗ ಬೇಲಿ ಹಾರಿ ಆ ಪೆಟ್ಟಿಗೆಯ ಹಾಲು ಕುಡಿದವಳೇ. ದೂರು ವಾಪಸು ತೆಗೆದುಕೊಳ್ಳಬಹುದೇ ಎಂದು ಕೊನೆಗೆ ಕೇಳಿದಳು. ಆಗುವುದಿಲ್ಲ ಎಂದ.

ಕೂತು ವರದಿ ಬರೆದ. ಅಪರಾಧದ ಉದ್ದೇಶ ಎಂಬ ಜಾಗದಲ್ಲಿ ಲಾಭ ಎಂದೂ ಬರೆಯಲಿಲ್ಲ, ದ್ವೇಷ ಎಂದೂ ಬರೆಯಲಿಲ್ಲ. "ರೋಗಿಯ ಗಂಟಲು ಉರಿಯದಿರಲೆಂದು" ಎಂದು ಬರೆದ. ಆಮೇಲೆ ಕೇಸ್ ಡೈರಿಯ ಪುಟಗಳನ್ನು ತಿರುವುತ್ತಾ ಹಿಂದಿನ ದಿನಕ್ಕೆ ಬಂದ. ಮಾರ್ಚ್ ೨೧, ಗುರುವಾರ. ಗಾಡಿ ರಿಪೇರಿ ಎಂದು ಅವನದೇ ಅಕ್ಷರದಲ್ಲಿ ಇತ್ತು. ಅದನ್ನು ಹೊಡೆದುಹಾಕಿ ಕೆಳಗೆ ಬರೆದ: "ಆರೋಪಿ ಯಾರೆಂದು ಈ ದಿನ ನನಗೆ ತಿಳಿದಿತ್ತು. ಹೋಗಲಿಲ್ಲ." ಲೀನಾ ಮಾಡಿದಂತೆಯೇ ಪಕ್ಕದಲ್ಲಿ ಸಹಿ ಹಾಕಿದ.

ಡಾಟ್ ಪೆನ್ರೋಸ್‌ಗೆ ಏಪ್ರಿಲ್ ಮೂರರಿಂದ ಕೆಮ್ಮು ಶುರುವಾಯಿತು.