ಬಿಚ್ಚಬಾರದಿದ್ದ ಪೊಟ್ಟಣ

"ಆಟಿಕೆ ಮಾಡೋ ಮಷೀನ್ ತಂದು ನಮ್ಮ ಕಾರ್ಖಾನೆ ನಡೆಸ್ತೀರಾ?"

ಮೊದಲ ಭೇಟಿಯಲ್ಲೇ ಅವಳು ಕೇಳಿದ ಮಾತಿದು!

"ನಿಮ್ಮ ಹಡಗು ಬರೋವರೆಗೆ ಆಡ್ತಾ ಇರೋಣ ಮೇಡಂ," ಎಂದ ಅವನು, ತಣ್ಣಗೆ.

ಅವಳಿಗೆ ಮೈಯೆಲ್ಲ ಉರಿಯಿತು. ಔಷಧಿ ಬಾಟಲಿ ತುಂಬುವ ಆ ಕಾರ್ಖಾನೆ ಅವಳ ಚಿಕ್ಕಪ್ಪನದು, ಖರೀದಿಯ ಹೊಣೆ ಅವಳದು. ಯಂತ್ರದ ನೈಲಾನ್ ಗಿಯರ್ ಮುರಿದಿತ್ತು, ಬದಲಿ ಗಿಯರ್ ದೂರದ ಬಂದರಿನಲ್ಲಿ ಸಿಕ್ಕಿಬಿದ್ದಿತ್ತು. ಅದನ್ನು ಇಲ್ಲೇ ಪದರದ ಮೇಲೆ ಪದರವಾಗಿ ಮಾಡಿಕೊಡುತ್ತೇನೆಂದು ತ್ರೀಡಿ ಪ್ರಿಂಟರ್ ಹೊತ್ತು ಬಂದವನು ಇವನು. ಅವನ ಗಿಯರ್ ಮುರಿಯದೆ ತಿರುಗಿದರೆ ಅವನಿಗೆ ಇಲ್ಲೇ ಕೆಲಸ, ಇಲ್ಲದಿದ್ದರೆ ಗಂಟುಮೂಟೆ ಕಟ್ಟುವುದೇ.

ಆದರೂ ಅವಳ ಕಾಲು ಮತ್ತೆ ಮತ್ತೆ ಅವನ ಕೋಣೆಯತ್ತಲೇ ತಿರುಗುತ್ತಿತ್ತು. 'ಕೆಲಸದ ಮೇಲೆ ಕಣ್ಣಿಡೋಕೆ, ಅಷ್ಟೇ...' ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

"ನೂರೆಂಟು ಬಿಡಿಭಾಗ ಯಾಕೆ ಕೂಡಿಡ್ತೀರಾ? ಈ ಪ್ರಿಂಟರ್‌ಗೆ ಹಾಕೋ ಒಳ್ಳೆ ನೈಲಾನ್ ಎಳೆಯ ಸುರುಳಿ ನಾಲ್ಕು ಇಟ್ಕೊಳ್ಳಿ. ಯಾವ ಭಾಗ ಮುರಿಯುತ್ತೋ ಅದನ್ನ ಆಗಲೇ ಮಾಡ್ಕೊಂಡ್ರಾಯ್ತು. ಯಾರ ದಾರೀನೂ ಕಾಯ್ಬೇಕಾಗಿಲ್ಲ," ಎನ್ನುತ್ತಿದ್ದ ಅವನು. ಆ ಕಣ್ಣಿನ ಹೊಳಪು ಅವಳಿಗೆ ಹಿಡಿಸಿಬಿಟ್ಟಿತ್ತು.

ಮೊದಲ ಗಿಯರ್ ತಿರುಗಿತು... ಪಟ್! ಹಲ್ಲು ಮುರಿಯಿತು.

"ತಪ್ಪು ನಂದೇ ಸರ್," ಎಂದು ಅವನು ಚಿಕ್ಕಪ್ಪನ ಮುಂದೆ ತಲೆ ತಗ್ಗಿಸಿದ.

'ಬರೀ ಬಾಯಿಮಾತು! ನಂಬಿ ಕೆಟ್ಟೆ...' ಎಂದುಕೊಳ್ಳುತ್ತ ಅವಳು ಹೊರನಡೆದಳು.

ಅವನು ಸಾಮಾನು ಕಟ್ಟುತ್ತಿದ್ದಾಗ, ಉಳಿದ ಸುರುಳಿ ಒಯ್ಯಲು ಬಂದಳು. ಸುರುಳಿ ಬಂದಿದ್ದ ಖಾಲಿ ಪೊಟ್ಟಣದ ಮೇಲೆ ಬರೆದಿತ್ತು: 'ತೇವ ತಾಗಿಸಬೇಡಿ.' ಅದರ ಪಕ್ಕದಲ್ಲೇ 'ಪರೀಕ್ಷಿಸಿದೆ' ಎಂದು ಅವಳೇ ಹಚ್ಚಿದ್ದ ಅಂಟುಪಟ್ಟಿ!

ಬಂದ ಸರಕನ್ನೆಲ್ಲ ಬಿಚ್ಚಿ ನೋಡಿಯೇ ಒಳಗೆ ಬಿಡುವುದು ಅವಳ ಪದ್ಧತಿ. ಇದನ್ನೂ ಬಿಚ್ಚಿ, ಬಾಟಲಿ ತೊಳೆಯುವ ಕೋಣೆಯ ಪಕ್ಕ ಇಟ್ಟಿದ್ದಳು. ನೈಲಾನ್ ತೇವ ಹೀರಿಕೊಂಡಿತ್ತು, ಅದಕ್ಕೇ ಗಿಯರಿನ ಹಲ್ಲು ಗಟ್ಟಿಯಾಗಿರಲಿಲ್ಲ.

"ಇದು... ನಿಮಗೆ ಗೊತ್ತಿತ್ತಾ?"

"ಹಲ್ಲು ಮುರಿದ್ಮೇಲೆ ಗೊತ್ತಾಯ್ತು."

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಒಣಗಿಸದೆ ಹಾಕಿದ್ದು ನಾನೇ ಅಲ್ವಾ? ನಿಮ್ಮನ್ನ ಸಿಕ್ಕಿಸಿ ನಾನು ಪಾರಾಗೋದಾ?"

ಅವಳು ಅವನ ಕೈ ಹಿಡಿದು ನೇರವಾಗಿ ಚಿಕ್ಕಪ್ಪನ ಕೋಣೆಗೆ ನುಗ್ಗಿದಳು.

"ಚಿಕ್ಕಪ್ಪಾ, ಪೊಟ್ಟಣ ಬಿಚ್ಚಿ ಹಾಳು ಮಾಡಿದ್ದು ನಾನು! ಇವರಿಗೆ ಇನ್ನೊಂದು ಅವಕಾಶ ಕೊಡಿ!"

ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿದರು. "ಕೊಟ್ಟೆ ಕಣಮ್ಮ. ಮೊದಲು ಅವರ ಕೈ ಬಿಡು, ಕೆಲಸ ಮಾಡ್ಲಿ."

ನೈಲಾನ್ ಚೆನ್ನಾಗಿ ಒಣಗಿತು. ಹೊಸ ಗಿಯರ್ ಮಾರನೆಯ ದಿನವಿಡೀ ತಿರುಗಿತು, ಬಾಟಲಿಗಳು ಸಾಲಾಗಿ ಸಾಗಿದವು.

"ಬಂದರಿನಿಂದ ಫೋನ್ ಬಂದಿತ್ತು, ಸರಕು ಹೊರಟಿದೆಯಂತೆ," ಎಂದಳು.

ಅವನ ಮುಖ ಸಪ್ಪಗಾಯಿತು. "ಹಾಗಾದ್ರೆ ನಾನೂ ಹೊರಡ್ಲಾ?"

"ಇನ್ಮುಂದೆ ಏನೂ ಕಳಿಸ್ಬೇಡಿ ಅಂದೆ. ನನಗೆ ಬೇಕಾದ್ದು ಇಲ್ಲೇ ಇದೆ..."

"ಪರೀಕ್ಷೆ ಮಾಡದೆ ಏನನ್ನೂ ಒಳಗೆ ಬಿಡಲ್ಲ ಅಂತಿದ್ರಲ್ಲ, ಮೇಡಂ?"

"ಪರೀಕ್ಷೆ ಮುಗೀತು. ನೀವು ನನಗೆ ತುಂಬಾ ಇಷ್ಟ... ಸಾಕಾ?"

"ಸಾಲಲ್ಲ," ಎಂದು ಅವನು ನಕ್ಕ. "ಇನ್ನೊಂದ್ಸಲ ಹೇಳಿ."