ಕಂಬಳಿ ಮೇಲಿಟ್ಟ ವೀಳ್ಯ

"ರೀ! ನಿಲ್ರಿ! ದಾಟಬ್ಯಾಡ್ರಿ!"

ಮಮತಾ ಕೂಗಿದ ಕೂಗಿಗೆ ಮಾಡದಕೆರೆಯ ಆ ಓಣಿಯೇ ಬೆಚ್ಚಿಬಿದ್ದಿತು. ಬೀದಿಯುದ್ದಕ್ಕೂ ಕರಿ ಉಣ್ಣೆಯ ದಾರಗಳನ್ನು ಎಳೆದು ಕಟ್ಟಿ, ಹುಣಸೆಬೀಜದ ಗಂಜಿ ಬಳಿದು, ಬಿಸಿಲಿಗೆ ಬಿಟ್ಟಿದ್ದಳು. ಇನ್ನೂ ಮಗ್ಗಕ್ಕೇರದ ಆ ಹಾಸನ್ನು ಯಾರೂ ದಾಟುವಂತಿಲ್ಲ. ಮನೆಯ ಯಜಮಾನನೂ ಸುತ್ತು ಹಾಕಿಯೇ ಹೋಗಬೇಕು. ಅಂಥದ್ದರಲ್ಲಿ ಕಪ್ಪು ಕನ್ನಡಕದ ಒಬ್ಬ ಗಂಡಸು ಒಂದು ಕಾಲು ಎತ್ತಿಕೊಂಡು, ಮುಂದಿಡಲೋ ಹಿಂದಿಡಲೋ ತಿಳಿಯದೆ ನಿಂತುಬಿಟ್ಟಿದ್ದ!

ಅವನ ಬೆನ್ನಿಗೆ ಟೋಪಿ ತೊಟ್ಟ ಬಿಳಿಯರ ಗುಂಪು ಬೇರೆ...

"ಸಾರಿ ರೀ. ಮರ್ತೇಹೋಯ್ತು," ಎಂದು ಕಾಲನ್ನು ಹಿಂದಕ್ಕಿಟ್ಟ.

"ಮರ್ತೋಯ್ತಾ? ಗೊತ್ತಿದ್ರಲ್ವಾ ಮರೆಯಾಕೆ?"

"ಗೊತ್ತೈತೆ ರೀ. ನಾನೂ ಕುರಿ ಕಾಯೋರ ಮನೆಯೋನೇ. ಹಿರಿಯೂರು ಕಡೆ ಆದಿವಾಲ. ಬೀರೇಶ್ ಅಂತ."

ಕನ್ನಡಕ ತೆಗೆದು ನಕ್ಕ. ಮಮತಾಗೆ ಇನ್ನೂ ನಾಲ್ಕು ಮಾತು ಬೈಯಬೇಕೆಂದಿತ್ತು. ನಾಲಿಗೆ ತುದಿಯಲ್ಲೇ ಇದ್ದ ಬೈಗುಳ ಅದೆಲ್ಲಿ ಹೋಯಿತೋ!

'ಇದೇನಾಯ್ತು ನಂಗೆ?' ಎಂದುಕೊಂಡಳು. ಅಂದು ಶುರುವಾದ ಗೊಂದಲ ನೋಡಿ ಅದು. ಮುಗಿಯಲು ಒಂದು ಚಳಿಗಾಲವೇ ಬೇಕಾಯಿತು.

ಬೀರೇಶ್ ಪಾಂಡಿಚೇರಿಯಲ್ಲಿ, ಹಳದಿ ಗೋಡೆಗಳ ಫ್ರೆಂಚ್ ಬೀದಿಯ ಅತಿಥಿಗೃಹವೊಂದರಲ್ಲಿ ದುಡಿದು ಆ ಭಾಷೆ ಕಲಿತವನು. ಈಗ ಚಿತ್ರದುರ್ಗದ ಕೋಟೆಯಲ್ಲಿ ಫ್ರೆಂಚ್ ಪ್ರವಾಸಿಗರಿಗೆ ಗೈಡು. ಹಂಪಿಗೆ ಹೋಗುವವರು ದುರ್ಗದಲ್ಲಿ ಊಟಕ್ಕಷ್ಟೇ ಬಸ್ಸು ನಿಲ್ಲಿಸಿ ಹೊರಟುಬಿಡುತ್ತಾರೆ ಎಂಬುದು ಅವನ ಹೊಟ್ಟೆಯುರಿ.

"ಅವರ ದೇಶದಾಗೆ ಒಂದೊಂದು ಹಳ್ಳಿಗೂ ಅದರದ್ದೇ ಚೀಸು, ಅದರದ್ದೇ ಬ್ರೆಡ್ಡು," ಎಂದು ಅವನು ಜಗಲಿಯ ಮೇಲೆ ಕುಳಿತು ಮಮತಾಳ ಅಪ್ಪ ಹಾಲಸ್ವಾಮಿಗೆ ವಿವರಿಸಿದ. "ಅಜ್ಜಂದಿರು ಮಾಡ್ತಿದ್ದದ್ದನ್ನ ಹಂಗೇ ಉಳಿಸ್ಕಂಡವ್ರೆ. ಅದನ್ನ ನೋಡಾಕೆ, ತಿನ್ನಾಕೆ ಲೋಕವೇ ಹೋಗ್ತೈತೆ. ನಮ್ ಕಂಬಳಿ ಏನ್ ಕಮ್ಮಿ ಹೇಳ್ರಿ?"

ಹಾಲಸ್ವಾಮಿಗೆ ಮಾತು ಹಿಡಿಸಿತು. ತಿಂಗಳಿಗೆ ಒಂದೆರಡು ಗುಂಪು ಬರತೊಡಗಿದವು.

ಬಂದವರೆಲ್ಲ ಹೊಸ್ತಿಲಲ್ಲೇ ನಿಂತು ಮನೆಯಲ್ಲಿದ್ದ ಒಬ್ಬೊಬ್ಬರಿಗೂ 'ಬೋಂಜೂರ್' ಎಂದು ನಮಸ್ಕರಿಸಿಯೇ ಒಳಗೆ ಕಾಲಿಡುತ್ತಿದ್ದರು. ರಾಗಿಮುದ್ದೆ ಊಟಕ್ಕೆ ಕೂತರೆ ಮಧ್ಯಾಹ್ನವೇ ಕಳೆಯುತ್ತಿತ್ತು. ಉಣ್ಣುತ್ತಲೇ ಉಂಡದ್ದರ ಬಗ್ಗೆ ಮಾತು, ಅವರಮ್ಮ ಮಾಡುತ್ತಿದ್ದ ಸಾರಿನ ಬಗ್ಗೆ ಮಾತು!

"ಎದ್ದೇಳೋದೇ ಇಲ್ವಲ್ಲೇ ಇವ್ರು! ನಾನ್ಯಾವಾಗ ಎಂಜಲು ಬಳೀಲಿ?" ಎಂದು ಅಜ್ಜಿ ಸಿದ್ದಕ್ಕ ಗೊಣಗುತ್ತಿದ್ದಳು. ಅವರು ಬಾರದ ವಾರ ಮಾತ್ರ ಬಾಗಿಲ ಕಡೆಗೇ ಅವಳ ಕಣ್ಣು.

ಮೊಮ್ಮಗಳ ಕಣ್ಣೂ ಅಲ್ಲೇ.

ಆದರೆ ಅವನ ಮನಸ್ಸಿನಲ್ಲೇನಿದೆ? ಮಮತಾ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಾಗ ಅವನು ಪಕ್ಕದಲ್ಲೇ ಮಂಡಿಯೂರಿ, ಅವಳ ಕೈಗಳನ್ನು ತೋರಿಸುತ್ತ ಫ್ರೆಂಚಿನಲ್ಲಿ ಏನೇನೋ ಹೇಳುತ್ತಿದ್ದ. ಅವಳತ್ತ ನೋಡಿ ನಗುತ್ತಿದ್ದ. ಅದೇ ನಗುವನ್ನು ಅತಿಥಿಗಳಿಗೂ ಕೊಡುತ್ತಿದ್ದ. ಬಸ್ ಡ್ರೈವರಿಗೂ ಕೊಡುತ್ತಿದ್ದ!

'ಈ ನಗು ನಂದಾ... ಇಲ್ಲಾ ಟೂರಿಸ್ಟ್ ನಗುವಾ?'

ಕೇಳೋಣವೆಂದರೆ ಬಾಯಿ ಬರದು. ಕೇಳದಿದ್ದರೆ ನಿದ್ದೆ ಬರದು.

ಒಂದು ಸಲದ ಗುಂಪಿನಲ್ಲಿ ಒಡಿಲ್ ಬಂದಳು. ಕೂದಲು ಪೂರ್ತಿ ನೆರೆತ, ಬೆಟ್ಟದ ಸೀಮೆಯ ಹೆಂಗಸು. ಅವಳಪ್ಪನೂ ಕುರಿ ಕಾಯುತ್ತಿದ್ದನಂತೆ. ಸಿದ್ದಕ್ಕನನ್ನು ಕಂಡದ್ದೇ ತಡ, ಎರಡೂ ಕೆನ್ನೆಗೆ ಮುತ್ತಿಟ್ಟುಬಿಟ್ಟಳು.

"ಏನಪ್ಪ ಇದು! ನಮ್ ಯಜಮಾನ್ರೂ ಹಿಂಗ್ ಮಾಡಿರ್ಲಿಲ್ಲ!" ಎಂದು ಸಿದ್ದಕ್ಕ ಸೆರಗಿನಲ್ಲಿ ಕೆನ್ನೆ ಮುಚ್ಚಿಕೊಂಡಳು.

ಆ ದಿನ ಬೀರೇಶ್ ಅತಿಥಿಗಳಿಗೆ 'ಒಪ್ಪು ವೀಳ್ಯ' ತೋರಿಸಬೇಕೆಂದಿದ್ದ. ಹೆಣ್ಣು ಗಂಡು ಕರಿ ಕಂಬಳಿಯ ಮೇಲೆ ಕುಳಿತು, ಹಿರಿಯರ ಮುಂದೆ ವೀಳ್ಯದೆಲೆ ಬದಲಿಸಿಕೊಂಡರೆ ಮದುವೆ ನಿಶ್ಚಯವಾದಂತೆ. ಜೋಡಿಯಾಗಿ ಕೂರಲು ಊರಿನ ಒಬ್ಬ ಗಂಡ ಹೆಂಡತಿಯನ್ನು ಒಪ್ಪಿಸಿಯೂ ಇದ್ದ. ಹೊಸದುರ್ಗಕ್ಕೆ ಹೋದ ಅವರು ಬರಲೇ ಇಲ್ಲ. ಬಸ್ಸು ತಪ್ಪಿಹೋಗಿತ್ತು.

ಅತಿಥಿಗಳು ಕಾಯುತ್ತಿದ್ದಾರೆ. ಬೀರೇಶ್ ತಲೆ ಕೆರೆದುಕೊಂಡ.

"ಮಮತಾ... ನೀವು ಕುಂತ್ಕಳ್ತೀರಾ? ಗಂಡಿನ ಜಾಗದಾಗೆ ನಾನೇ ಕುಂತ್ಕಳ್ತೀನಿ..."

ಅವಳು ಮುಖದಲ್ಲಿ ಏನೂ ತೋರಗೊಡದೆ,

"ಆಟ ತಾನೇ? ಆಗ್ಲಿ ಬಿಡ್ರಿ," ಎಂದುಬಿಟ್ಟಳು.

ಎಡವಟ್ಟಾದದ್ದು ಇಲ್ಲೇ. ಇದು ಆಟವೆಂದು ಅಜ್ಜಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ! ಹೇಳಿದ್ದರೂ ಸಿದ್ದಕ್ಕನಿಗೆ ಅದು ಅರ್ಥವಾಗುತ್ತಿತ್ತೆಂದು ನನಗೇನೂ ಅನ್ನಿಸುವುದಿಲ್ಲ. ಅವಳು ತಲೆಗೆ ಸ್ನಾನ ಮಾಡಿ ಬಂದು, ಹೊಸ ಕಂಬಳಿ ಹಾಸಿ, ಅಕ್ಕಿ ಹರಡಿ, ಕುಲದೇವರು ಬೀರಪ್ಪನನ್ನು ನೆನೆದು ಇಬ್ಬರ ಹಣೆಗೂ ಅರಿಶಿನದ ಭಂಡಾರ ಹಚ್ಚಿದಳು.

"ಯಾವ ಬೆಡಗು ನಿಂದು? ಅಪ್ಪನ ಹೆಸ್ರೇನು?"

ಬೀರೇಶ್ ತನ್ನ ಕುಲದ ಬೆಡಗನ್ನೂ ಅಪ್ಪನ ಹೆಸರನ್ನೂ ತಗ್ಗಿದ ದನಿಯಲ್ಲಿ ಹೇಳಿದ. ವೀಳ್ಯವನ್ನು ಮಮತಾಳ ಮುಂದಿಡುವಾಗ ಅವನ ಕೈ ನಡುಗುತ್ತಿತ್ತು. ಅವಳೂ ತನ್ನ ಎಲೆಯನ್ನಿಟ್ಟಳು. ಅವಳ ಕಣ್ಣು ಮಂಜಾಯಿತು... ಅಷ್ಟರಲ್ಲಿ ಚಪ್ಪಾಳೆ!

ಯಾರೋ ಏನೋ ಅಂದರು. ಬೀರೇಶ್ ತಿರುಗಿ ಫ್ರೆಂಚಿನಲ್ಲಿ ಏನೋ ಉತ್ತರ ಕೊಟ್ಟ. ಎಲ್ಲರೂ ಗೊಳ್ಳೆಂದು ನಕ್ಕರು. ಅವನೂ ನಕ್ಕ.

ಮಮತಾಗೆ ಭಾಷೆ ತಿಳಿಯಲಿಲ್ಲ. ನಗು ತಿಳಿಯಿತು. ಎದ್ದು ಒಳಗೆ ಹೋಗಿ ಹಣೆಯ ಭಂಡಾರವನ್ನು ಒರೆಸಲು ಕೈಯೆತ್ತಿದಳು. ಒರೆಸಲು ಮನಸ್ಸಾಗದೆ ಹಾಗೇ ನಿಂತಳು.

ನಿಜವಾದ ರಾದ್ಧಾಂತ ಮರುದಿನ ಬೆಳಗ್ಗೆ.

"ಸೋಮವಾರ ಹೊಳಲ್ಕೆರೆಯಿಂದ ಮಮತನ್ನ ನೋಡಾಕೆ ಬರ್ತಾರೆ," ಎಂದು ಹಾಲಸ್ವಾಮಿ ಬಾಯಿಬಿಟ್ಟ. "ಹುಡುಗಂದು ಹಾರ್ಡ್‌ವೇರ್ ಅಂಗಡಿ ಐತೆ."

ಸಿದ್ದಕ್ಕ ಎಲೆಯಡಿಕೆ ಕುಟ್ಟುವುದನ್ನು ನಿಲ್ಲಿಸಿದಳು.

"ಬರಬ್ಯಾಡ ಅನ್ನು. ಹುಡುಗೀದು ವೀಳ್ಯ ಆಗೈತೆ."

"ಅಯ್ಯೋ ಅವ್ವಾ! ಅದು ಆಟ ಕಣವ್ವ! ಟೂರಿಸ್ಟ್ ನೋಡ್ಲಿ ಅಂತ ಮಾಡಿದ್ದು!"

"ಭಂಡಾರ ಹಚ್ಚಿದ್ದು ನಾನು. ಬೀರಪ್ಪನ್ನ ಕರೆದಿದ್ದು ನಾನು. ಅವ್ನು ಬಂದಿದ್ದ ಕಣೋ. ಈಗ ಅವ್ನಿಗೇನಂತ ಹೇಳ್ಲಿ? ನಾಟ್ಕಕ್ಕೆ ಕರೆದಿದ್ದೆ, ಹೋಗಪ್ಪ ಅನ್ಲಾ?"

ಓಣಿಯೇ ಎರಡಾಯಿತು. ಆಟ ಅಂದವರು ಅರ್ಧ, ಆಗಿಹೋಯಿತು ಅಂದವರು ಅರ್ಧ. ಮಮತಾ ಮಾತ್ರ ಎರಡೂ ಕಡೆಯಲ್ಲಿದ್ದಳು. ನಿಜವೆಂದು ಒಪ್ಪಿದರೆ, ನಕ್ಕು ಸುಮ್ಮನಾದವನ ಕೊರಳಿಗೆ ತಾನಾಗಿ ಬಿದ್ದಂತೆ. ಆಟವೆಂದರೆ, ಹೊಳಲ್ಕೆರೆಯ ಹಾರ್ಡ್‌ವೇರ್ ಅಂಗಡಿ. ಬೀರೇಶ್ ಫೋನೂ ಮಾಡಲಿಲ್ಲ.

"ಆಟ ಆಗಿದ್ರೆ ಅವ್ನೇ ಬಂದು, ಅದೇ ಕಂಬಳಿ ಮೇಲೆ ಕುಂತು, ವೀಳ್ಯ ವಾಪಸ್ ಇಸ್ಕಂಡು ಹೋಗ್ಲಿ," ಎಂದಳು ಸಿದ್ದಕ್ಕ ಮೊಮ್ಮಗಳಿಗೆ. "ಹೋಗಿ ಹೇಳ್ಬಾ."

ಹೇಳಲು ಫೋನು ಸಾಕಿತ್ತು. ಮಮತಾ ಬಸ್ಸು ಹತ್ತಿದಳು.

ದುರ್ಗದ ಕೋಟೆಯ ಒಳಬಾಗಿಲಲ್ಲಿ ಬೀರೇಶ್, ಇನ್ನೂ ದುರ್ಗದಲ್ಲೇ ತಂಗಿದ್ದ ಅದೇ ಗುಂಪಿಗೆ ಕಲ್ಲುಗೋಡೆಯನ್ನು ತೋರಿಸುತ್ತಿದ್ದ. ಅವಳನ್ನು ಕಂಡದ್ದೇ ಮಾತು ಅರ್ಧಕ್ಕೇ ನಿಂತಿತು. ಅತಿಥಿಗಳು ಗೋಡೆಯನ್ನು ಬಿಟ್ಟು ಅವನ ಮುಖ ನೋಡತೊಡಗಿದರು. ಅವರನ್ನು ಹಾಗೇ ಬಿಟ್ಟು ಓಡಿಬಂದ.

"ಮಮತಾ! ನೀವಿಲ್ಲಿ?"

"ಭಾನುವಾರ ಬಂದು ವೀಳ್ಯ ವಾಪಸ್ ಇಸ್ಕಳ್ರಿ. ಸೋಮವಾರ ನನ್ನ ನೋಡಾಕೆ ಹೊಳಲ್ಕೆರೆಯೋರು ಬರ್ತಾರೆ."

ಒಂದೇ ಉಸಿರಿಗೆ ಹೇಳಿದಳು. ಅವನ ಮುಖ ಕಪ್ಪಿಟ್ಟಿತು.

"ನಿಮ್ಗೆ... ಅದೇ ಬೇಕಾ?"

"ನಂಗೇನ್ ಬೇಕು ಅಂತ ಯಾರ್ ಕೇಳಿದ್ರು? ಆಟ ಅಂತ ನಕ್ಕೋರು ನೀವು!"

"ಆಟ ತಾನೇ ಅಂದೋರು ನೀವು! ಕುಂತ್ಕಳೋಕೆ ಮುಂಚೆನೇ!"

ಇಬ್ಬರೂ ದುರುದುರು ನೋಡಿಕೊಂಡರು. ಇಬ್ಬರ ಕಣ್ಣಲ್ಲೂ ನೀರು. ಇಬ್ಬರಿಗೂ ಸಿಟ್ಟು. ಯಾರ ಮೇಲೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿಲ್ಲ!

ಅಷ್ಟರಲ್ಲಿ ಒಡಿಲ್ ಹತ್ತಿರ ಬಂದಳು. ಏನಾಯಿತೆಂದು ಬೀರೇಶನನ್ನು ಕೇಳಿದಳು. ಅವನು ತಡವರಿಸುತ್ತ ಹೇಳಿದ. ಅವಳ ನಗುಮುಖ ಗಂಭೀರವಾಯಿತು. ಒಂದು ಕಲ್ಲಿನ ಮೇಲೆ ಕುಳಿತು, ಮಮತಾಳ ಕೈ ಹಿಡಿದುಕೊಂಡು, ನಿಧಾನವಾಗಿ ಏನೋ ಹೇಳತೊಡಗಿದಳು.

"ಏನಂತಾರೆ?" ಎಂದಳು ಮಮತಾ.

ಬೀರೇಶ್ ಕನ್ನಡಕ್ಕಿಳಿಸಿದ.

"ಅವರ ಊರಾಗೆ ಬೇಸಿಗೆಗೆ ಕುರಿ ಬೆಟ್ಟಕ್ಕೆ ಹೊಡ್ಕಂಡು ಹೋಗೋದೇ ಒಂದು ಹಬ್ಬ ಅಂತೆ. ಕುರಿಗೆ ಬಣ್ಣದ ಕುಚ್ಚು, ಗಂಟೆ ಕಟ್ಟಿ, ಹಾಡ್ಕಂಡು ಹೋಗ್ತಿದ್ರಂತೆ. ನೋಡಾಕೆ ಪಟ್ಟಣದೋರು ಬಂದ್ರು. ಆಮೇಲೆ ದೂರದ ದೇಶದೋರು ಬಂದ್ರು. ಊರು ಚೆನ್ನಾಗಾಯ್ತು. ಹೋಟ್ಲು ಬಂತು, ರೋಡು ಬಂತು..."

ಒಡಿಲ್ ತಡೆದು ತಡೆದು ಮುಂದುವರಿಸಿದಳು. ಅವನ ದನಿಯೂ ಇಳಿಯಿತು.

"ಒಂದ್ ವರ್ಷ ಬೆಟ್ಟ ಕುಸಿದು ರೋಡ್ ಮುಚ್ಚೋಯ್ತಂತೆ. ಟೂರಿಸ್ಟ್ ಬಸ್ ಬರ್ಲಿಲ್ಲ. ಊರಿನೋರು ಯಾರೂ ಕುರಿ ಹೊರಡಿಸ್ಲಿಲ್ಲ. ಅವರಪ್ಪ ಒಬ್ರೇ ಬಾಗಿಲಾಗೆ ಕುಂತು ಅತ್ರಂತೆ. ನಮ್ ಹಬ್ಬ ಯಾವತ್ತೋ ಮುಗಿದಿತ್ತು, ನಂಗೀಗ ಗೊತ್ತಾಯ್ತು ಅಂದ್ರಂತೆ."

ಮಮತಾಗೆ ಆ ಮುದುಕಿಯ ಕೈ ಬಿಡಲು ಮನಸ್ಸಾಗಲಿಲ್ಲ.

ಒಡಿಲ್ ಅವಳ ಮುಖವನ್ನೇ ನೋಡುತ್ತ ಒಂದು ಪ್ರಶ್ನೆ ಕೇಳಿದಳು. ಚಿಕ್ಕ ಪ್ರಶ್ನೆ. ಬೀರೇಶ್ ಬಾಯಿ ತೆರೆದ. ಮುಚ್ಚಿದ. ಗೋಡೆ ನೋಡಿದ. ನೆಲ ನೋಡಿದ.

"ಏನ್ ಕೇಳಿದ್ರು ಹೇಳ್ರಿ!"

"ಅದು... ಆವತ್ತು ನಾವ್ಯಾರೂ ಬಂದಿರ್ಲಿಲ್ಲ ಅಂದಿದ್ರೆ... ನೋಡಾಕೆ ಒಬ್ರೂ ಇರ್ಲಿಲ್ಲ ಅಂದಿದ್ರೆ... ನೀನು ಅವನ ಜೊತೆ ಆ ಕಂಬಳಿ ಮೇಲೆ ಕುಂತ್ಕಳ್ತಿದ್ಯಾ? ಅಂತ ಕೇಳ್ತಾವ್ರೆ."

ಮಮತಾ ಲೆಕ್ಕ ಹಾಕಿದಳು. 'ಹೂಂ ಅಂದುಬಿಡಲಾ? ಅಂದಮೇಲೆ ಅವನು ನಕ್ಕುಬಿಟ್ಟರೆ? ಆಮೇಲೆ ಈ ಕೋಟೆಯ ಕಡೆ ಮುಖ ಹಾಕುವುದು ಹೇಗೆ?'

"ಮೊದ್ಲು ನೀವು ಹೇಳ್ರಿ," ಎಂದಳು. "ಅವರಿಗೆ ಅವರ ಭಾಷೇಲಿ ಹೇಳ್ರಿ. ಆಮೇಲೆ ನಂಗೆ ನನ್ ಭಾಷೇಲಿ."

ಅವನು ಒಡಿಲ್ ಕಡೆ ತಿರುಗಿ ಏನೋ ಹೇಳಿದ. ಬಹಳ ಹೊತ್ತು ಹೇಳಿದ. ಒಡಿಲ್ ಕಣ್ಣೊರೆಸಿಕೊಂಡಳು. ಆಮೇಲೆ ಅವನು ಮಮತಾಳತ್ತ ತಿರುಗಿದ.

"ಆವತ್ತು ನನ್ ಕೈ ನಡುಗ್ತಿತ್ತಲ್ಲ, ಅದಕ್ಕೆ ಗುಂಪಿನಾಗೊಬ್ಬರು ಗಂಡು ಚೆನ್ನಾಗಿ ನಾಟ್ಕ ಆಡ್ತಾನೆ ಅಂದ್ರು. ನಂಗೆ ನಾಟ್ಕ ಆಡಾಕೆ ಬರಲ್ಲ ಅಂದೆ. ಅದಕ್ಕೇ ಎಲ್ಲ ನಕ್ಕಿದ್ದು. ನೀವು ಆಟ ಅಂದಿದ್ರಿ, ನಾನೊಬ್ನೇ ನಿಜ ಮಾಡ್ಕಂಡು ಕುಂತಿದ್ದೀನಲ್ಲ ಅಂತ ನಾನೂ ನಕ್ಕುಬಿಟ್ಟೆ. ಫೋನ್ ಕೈಗೆ ತಗಳೋದು, ಇಡೋದು... ಅಷ್ಟೇ ಮಾಡ್ತಿದ್ದೆ."

"ಮತ್ತೆ ಅಜ್ಜಿಗೆ ಬೆಡಗು, ಅಪ್ಪನ ಹೆಸ್ರು ಎಲ್ಲ ಹೇಳಿದ್ರಲ್ಲ..."

"ಆಟಕ್ಕಾದ್ರೆ ಬೇರೆ ಯಾರ್ದಾದ್ರೂ ಹೆಸ್ರು ಹೇಳ್ತಿದ್ದೆ. ನಮ್ಮಪ್ಪನ ಹೆಸ್ರು ಹೇಳಿ ಆಟ ಆಡಾಕಾಗುತ್ತಾ ಮಮತಾ? ಒಬ್ರೂ ಇರ್ದಿದ್ರೂ ಕುಂತ್ಕಳ್ತಿದ್ದೆ. ಈಗ್ಲೂ ಕುಂತ್ಕಳ್ತೀನಿ."

ಅವಳು ಅತ್ತಳು. ಪ್ರವಾಸಿಗರೆಲ್ಲ ನೋಡುತ್ತಿದ್ದರು. ನೋಡಲಿ ಬಿಡಿ!

"ನೀವಿನ್ನೂ ಉತ್ರ ಕೊಟ್ಟಿಲ್ಲ," ಎಂದ ಅವನು ಮೆಲ್ಲಗೆ. "ಅವರು ಕಾಯ್ತಾವ್ರೆ."

"ಬರೀ ಹೇಳಾಕೆ ನಾನು ಮಾಡದಕೆರೆಯಿಂದ ಬರ್ಬೇಕಿತ್ತಾ? ಫೋನ್ ಮಾಡ್ತಿದ್ದೆ," ಎಂದಳು ಮಮತಾ ಮೂಗೊರೆಸಿಕೊಳ್ಳುತ್ತ. "ನಿಮ್ಮನ್ನ ನೋಡಾಕೆ ಬಂದೆ. ಅದನ್ನೇ ಹೇಳ್ರಿ ಅವರಿಗೆ."

ಬೀರೇಶ್ ಹೇಳಿದ. ಅವನ ಫ್ರೆಂಚು ಮಧ್ಯದಲ್ಲೇ ಕನ್ನಡವಾಗಿಬಿಟ್ಟಿತು. ಉಳಿದದ್ದು ಒಡಿಲ್‌ಗೆ ತಾನಾಗಿ ತಿಳಿಯಿತು.

"ಭಾನುವಾರ ಬರ್ರಿ ಅಂತ ಹೇಳ್ರಿ ಅವರಿಗೂ," ಎಂದಳು ಮಮತಾ.

ಒಡಿಲ್ ತಲೆಯಾಡಿಸಿದಳು. ಬೀರೇಶ್ ಅವಳ ಮಾತು ತಿಳಿಸಿದ. "ಬ್ಯಾಡ ಅಂತಾರೆ. ಈ ಸಲ ನೋಡೋರು ಇರಬಾರ್ದಂತೆ. ಹಂಪಿಗೆ ಹೋಗ್ತಾರಂತೆ."

ಭಾನುವಾರ ಓಣಿಗೆ ಟೂರಿಸ್ಟ್ ಬಸ್ಸು ಬರಲಿಲ್ಲ. ಬೀರೇಶ್ ತನ್ನ ತಾಯಿ ಹೇಮಾವತಿಯನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದ. ಸಿದ್ದಕ್ಕ ಕಂಬಳಿ ಹಾಸಿ ಕಾಯುತ್ತಿದ್ದಳು.

"ಏನಪ್ಪ, ವೀಳ್ಯ ವಾಪಸ್ ಇಸ್ಕಳಾಕೆ ಬಂದ್ಯಾ?"

"ಇಲ್ಲಜ್ಜಿ. ಇನ್ನೊಂದ್ಸಲ ಕೊಡಾಕೆ ಬಂದೀನಿ."

"ಒಂದ್ಸಲ ಕೊಟ್ಟಿದ್ದು ಆಯ್ತು. ಇನ್ನೊಂದ್ಸಲ ಯಾಕೆ? ಸುಮ್ನೆ ಕುಂತ್ಕ. ಲೇ ಹಾಲಸ್ವಾಮಿ, ಹೊಳಲ್ಕೆರೆಗೆ ಫೋನ್ ಹಚ್ಚು."

ಹಾಲಸ್ವಾಮಿ ಮಗಳ ಮುಖವನ್ನೊಮ್ಮೆ ನೋಡಿದ. ಏನು ಕಂಡನೋ, ಫೋನು ಹಿಡಿದು ಹಿತ್ತಿಲಿಗೆ ಹೋದ. ಹಿರಿಯ ಹೆಂಗಸರಿಬ್ಬರೂ ಅಡುಗೆಮನೆ ಸೇರಿದರು. ಕಂಬಳಿಯ ಮೇಲೆ ಇವರಿಬ್ಬರೇ ಉಳಿದರು.

"ಈಗೇನ್ ಮಾಡ್ಬೇಕು?" ಎಂದು ಮಮತಾ ಪಿಸುಗುಟ್ಟಿದಳು.

"ಗೊತ್ತಿಲ್ಲ ಕಣ್ರಿ. ಯಾರಿಗೂ ಏನೂ ವಿವರಿಸ್ಬೇಕಾಗಿಲ್ಲ ಅಂದ್ರೆ ನಂಗೆ ಕೈಕಾಲೇ ಆಡಲ್ಲ..."

"ಹಂಗಾದ್ರೆ ಸುಮ್ನೆ ಕುಂತಿರ್ರಿ."

"ಎಷ್ಟೊತ್ತು?"

"ಅಜ್ಜಿ ಬಂದು ಎಬ್ಬಿಸೋ ಗಂಟ..."

ಅಡುಗೆಮನೆಯಿಂದ ಸಿದ್ದಕ್ಕನ ದನಿ ಕೇಳಿಸಿತು.

"ನಾನ್ ಎಬ್ಬಿಸಲ್ಲ ಕಣ್ರೇ!"