ಆರು ಕಾಫಿ ಕೋಲು

"ಮೇಡಂ, ಆ ಹಲಗೆ ಮೊದ್ಲು ಎತ್ತಿ."

ದನಿಯಲ್ಲಿ ಗೌರವವಿತ್ತು, ಸಿಟ್ಟೂ ಇತ್ತು. ಶಾಲೆಯ ಟೀಚರ್ ವಿನುತಾ ತಿರುಗಿ ನೋಡಿದಳು. ಎಸ್ಟೇಟಿನ ಲೆಕ್ಕ ಬರೆಯುವ ಹೊಸ ರೈಟರ್ ನಾಗಾರ್ಜುನ ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದ.

ಒಣಗಲು ಹರಡಿದ್ದ ಕಾಫಿಯ ಮೇಲೆ ಒಂದು ಹಲಗೆ. ಹಲಗೆಯ ಮೇಲೆ ನಾಲ್ಕನೇ ಕ್ಲಾಸಿನ ಸಿದ್ದಿ. ಹಗ್ಗ ಹಿಡಿದು ಉಳಿದ ಹತ್ತು ಮಕ್ಕಳು.

"ಬಲ ಮತ್ತು ಚಲನೆ ಪಾಠ ಸಾರ್. ಬರೀ ನೆಲದ ಮೇಲೆ ಎಳೆಯೋದು ಕಷ್ಟ, ಉರುಳೋ ಕಾಯಿ ಮೇಲೆ ಸುಲಭ. ಅದು ಮಕ್ಕಳ ಕೈಗೇ ಗೊತ್ತಾಗ್ಲಿ ಅಂತ ಕರ್ಕೊಂಡು ಬಂದೆ."

"ಕಾಯಿ ಒಡೀತಿದೆ. ಕಾಫಿಗೆ ಉತ್ತರ ಹೇಳೋನು ನಾನು."

"ಮಕ್ಕಳಿಗೆ ಉತ್ತರ ಹೇಳೋಳು ನಾನು."

ಇಬ್ಬರ ಮುಖವನ್ನೂ ನೋಡಿ ಸಿದ್ದಿ ಕೇಳಿದಳು, "ನಾನು ಇಳೀಲಾ, ಬ್ಯಾಡ್ವಾ?"

ನಾಗಾರ್ಜುನನಿಗೆ ನಗು ತಡೆಯಲಾಗಲಿಲ್ಲ.

ಮುಂದಿನ ಶುಕ್ರವಾರ ಅವನೇ ಶಾಲೆಗೆ ಬಂದ. ಕಂಕುಳಲ್ಲಿ ಆರು ಕೋಲು. ಕಿತ್ತುಹಾಕಿದ ಹಳೆಯ ಕಾಫಿ ಗಿಡಗಳ ಕಾಂಡ, ತೊಗಟೆ ಹೆರೆದು ಲಟ್ಟಣಿಗೆಯ ಹಾಗೆ ದುಂಡಗೆ ಮಾಡಿದ್ದ.

"ಹಲಗೆ ಕೆಳಗೆ ಇವನ್ನಿಡಿ ಮೇಡಂ. ಉರುಳ್ತವೆ, ಒಡೆಯಲ್ಲ. ಪ್ರತಿ ಶುಕ್ರವಾರ ಕಣದ ಒಂದು ಮೂಲೆ ನಿಮಗೇ ಬಿಟ್ಟಿದೀನಿ."

ಒಂದೊಂದು ಕೋಲನ್ನೂ ಸವರಿ ನೋಡಿದಳು ವಿನುತಾ. ಎಲ್ಲೂ ಒಂದು ಸಿಬಿರಿಲ್ಲ. 'ಮಕ್ಕಳ ಕೈಗೆ ಚುಚ್ಚಬಾರದು ಅಂತ ಎಷ್ಟು ಹೊತ್ತು ಕೂತು ಉಜ್ಜಿರಬೇಕು...'

ಅಂದಿನಿಂದ ಅವಳಿಗೆ ಶುಕ್ರವಾರ ಬೇಗ ಬರಲಿ ಅನ್ನಿಸತೊಡಗಿತು.

ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಕುಟ್ಟ ಊರಿನ ಎಲ್ಲರ ಮೊಬೈಲಿನಲ್ಲೂ ಒಂದು ಫೋಟೋ ಓಡಾಡಿತು. ಸಿದ್ದಿ ಒಬ್ಬಳೇ ಹಲಗೆಯ ಮೇಲಿಟ್ಟ ಎರಡು ಕಾಫಿ ಮೂಟೆ ಎಳೆಯುತ್ತಿದ್ದಾಳೆ. ಕೆಳಗೆ, 'ಓದೋ ಮಕ್ಕಳಿಂದ ಕಣದ ಕೆಲಸ ಮಾಡಿಸುವ ಟೀಚರ್!'

ಮಧ್ಯಾಹ್ನವೇ ಶಿಕ್ಷಣ ಇಲಾಖೆಯಿಂದ ಫೋನ್ ಬಂತು. ತಪ್ಪಾಯಿತೆಂದು ಬರೆದುಕೊಡಬೇಕು, ಮಕ್ಕಳನ್ನು ಇನ್ನು ಹೊರಗೆ ಕರೆದೊಯ್ಯಬಾರದು. ಇಲ್ಲದಿದ್ದರೆ ವರ್ಗಾವಣೆ. ಶನಿವಾರ ಸಾಹೇಬರು ಬರುತ್ತಾರೆ.

ವಿನುತಾ ಫೋಟೋವನ್ನೇ ದಿಟ್ಟಿಸಿದಳು. ಅದನ್ನು ತೆಗೆದದ್ದು ಎಸ್ಟೇಟ್ ಆಫೀಸಿನ ಕಿಟಕಿಯಿಂದ. ಆ ಕಿಟಕಿಯ ಬಳಿ ಕೂರುವವನು ಒಬ್ಬನೇ.

ಸಂಜೆ ಶಾಲೆಯ ಗೇಟಿನ ಬಳಿ ನಾಗಾರ್ಜುನ ಕಾಯುತ್ತಿದ್ದ.

"ಫೋಟೋ ತೆಗೆದಿದ್ದು ನೀವಾ?"

"ಹೌದು, ಆದ್ರೆ ಮೇಡಂ..."

"ಸಾಕು."

ಒಳಗಿನಿಂದ ಕೋಲುಗಳನ್ನು ತಂದು ಅವನ ಕೈಗಿಟ್ಟು ನಡೆದುಬಿಟ್ಟಳು. ತಿರುವು ದಾಟಿದ ಮೇಲೆಯೇ ಕಣ್ಣು ಒರೆಸಿಕೊಂಡದ್ದು.

ಮರುದಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯ ಲಿಂಗಮ್ಮ ಅನ್ನ ಬಸಿಯುತ್ತಾ ಹೇಳಿದಳು, "ಒಂದು ಕಾಗ್ದ ಬರ‍್ದು ಬಿಸಾಕು ಕಣವ್ವ. ಯಾಕೆ ಸುಮ್ನೆ?"

"ತಪ್ಪು ಮಾಡಿದ್ರೆ ಬರೀತಿದ್ದೆ ಲಿಂಗಮ್ಮ. ಮಾಡಿಲ್ಲ. ಅದೇ ಪಾಠನ ಅವರ ಮುಂದೆ ಇನ್ನೊಂದ್ಸಲ ಮಾಡ್ತೀನಿ."

"ಕೋಲು ಎಲ್ಲವ್ವಾ?"

ಕೋಲು ಇಡುತ್ತಿದ್ದ ಮೂಲೆ ಖಾಲಿಯಾಗಿತ್ತು. ಆದರೂ ವಿನುತಾ ಆ ಕಾಗದ ಬರೆಯಲಿಲ್ಲ.

ಶನಿವಾರ ಶಾಲೆಗೆ ಬಂದರೆ ಜಗಲಿಯ ಮೇಲೆ ಹಲಗೆ, ಹಗ್ಗ, ಒರೆಸಿಟ್ಟ ಆರು ಕೋಲು. ತಂದಿಟ್ಟವರು ಯಾರೂ ಕಾಣಲಿಲ್ಲ.

ಸಾಹೇಬರು ಕುರ್ಚಿಯಲ್ಲಿ ಕೂತು ಸಿದ್ದಿಯನ್ನು ಕರೆದರು. "ಮೂಟೆ ಯಾಕಮ್ಮ ಎಳೀತಿದ್ದೆ?"

"ಹೇಳಿದ್ರೆ ಗೊತ್ತಾಗಲ್ಲ ಸಾರ್. ನೀವೇ ಹಲಗೆ ಮೇಲೆ ಕೂರಿ."

ಲಿಂಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಸಾಹೇಬರು ಕನ್ನಡಕ ಸರಿಮಾಡಿಕೊಂಡು, ಕೊನೆಗೆ ಕೂತೇಬಿಟ್ಟರು. ಸಿದ್ದಿ ಎಳೆದಳು. ಹಲಗೆ ಕದಲಲಿಲ್ಲ. ಅವರನ್ನು ಎಬ್ಬಿಸಿ, ಅಡಿಗೆ ಕೋಲುಗಳನ್ನಿಟ್ಟು, ಮತ್ತೆ ಕೂರಿಸಿ ಎಳೆದಳು. ಹಲಗೆ ದಾಟಿದ ಕೋಲನ್ನು ಬೇರೆ ಮಕ್ಕಳು ಮುಂದಕ್ಕೆ ಇಡುತ್ತಿದ್ದಂತೆ, ಒಂಬತ್ತು ವರ್ಷದ ಹುಡುಗಿಯ ಹಿಂದೆ ಸಾಹೇಬರು ಜಗಲಿಯುದ್ದಕ್ಕೂ ಸರಿದುಹೋದರು.

"ಉಜ್ಜಾಟ ಕಮ್ಮಿ ಆಯ್ತು ಸಾರ್. ಅದ್ಕೇ."

ಅವರು ಎದ್ದು ಪ್ಯಾಂಟು ಕೊಡವಿಕೊಳ್ಳುವಾಗ ನಾಗಾರ್ಜುನ ಒಳಗೆ ಬಂದ. ಫೋನು ಮುಂದೆ ಹಿಡಿದ.

"ಆ ಫೋಟೋ ನಾನು ತೆಗೆದಿದ್ದು ಸಾರ್. ಇದು ಪೂರ್ತಿ. ಯಾರೋ ಅರ್ಧ ಕತ್ತರಿಸಿ ಹಂಚಿದಾರೆ."

ಪೂರ್ತಿ ಫೋಟೋದಲ್ಲಿ ಸುತ್ತ ಕೂತು ಬರೆದುಕೊಳ್ಳುವ ಮಕ್ಕಳಿದ್ದರು, ಗಡಿಯಾರ ನೋಡುತ್ತಿದ್ದ ವಿನುತಾ ಇದ್ದಳು. ಎಸ್ಟೇಟ್ ಕೆಲಸಗಾರರ ಲೈನ್‌ಮನೆಯ ವಾಟ್ಸಾಪ್ ಗ್ರೂಪಿಗೆ ಕಳಿಸುವಾಗ ಅವನು ಬರೆದ ಸಾಲೂ ಇತ್ತು: 'ನಮ್ಮ ಸಿದ್ದಿ ಶಾಲೆಯಲ್ಲಿ ಏನು ಕಲೀತಾಳೆ ಅಂತ ಅವಳ ಅವ್ವ ನೋಡಲಿ.'

ವಿನುತಾ ಆ ಸಾಲನ್ನು ಮತ್ತೊಮ್ಮೆ ಓದಿದಳು. 'ಒಂದು ಮಾತು ಪೂರ್ತಿ ಹೇಳೋಕೆ ಬಿಡಲಿಲ್ಲವಲ್ಲ ನಾನು...'

ಸಾಹೇಬರು ಹೊರಡುವ ಮುಂಚೆ ಹೇಳಿದ್ದು ಇಷ್ಟೇ. "ಕಾಗದ ಬೇಡ ಟೀಚರ್. ಮುಂದಿನ ತಿಂಗಳು ಬೇರೆ ಶಾಲೆಯವರೂ ಬಂದು ನೋಡಲಿ."

ಮಕ್ಕಳು ಮನೆಗೆ ಹೋದ ಮೇಲೆ ಇಬ್ಬರೂ ಹಲಗೆಯನ್ನು ಕಣದ ಕಡೆ ಹೊತ್ತು ನಡೆದರು.

"ತಪ್ಪಾಯ್ತು," ಎಂದಳು ವಿನುತಾ.

"ಅಧಿಕಾರಿಗೆ ಬರೆದುಕೊಡದೋರು ನನಗೆ ಯಾಕೆ ಹೇಳ್ತೀರಿ?"

"ಅವರ ಹತ್ರ ತಪ್ಪು ಮಾಡಿರಲಿಲ್ಲ. ನಿಮ್ಮ ಹತ್ರ ಮಾಡಿದೀನಿ."

ಅವನು ನಿಂತ. ಹಲಗೆಯ ಇನ್ನೊಂದು ತುದಿಯಲ್ಲಿ ಅವಳೂ ನಿಲ್ಲಬೇಕಾಯಿತು.

"ಮೂರು ತಿಂಗಳಿಂದ ಕೇಳ್ಬೇಕು ಅಂತಿದ್ದೆ... ಶನಿವಾರಸಂತೆಯಲ್ಲಿರೋ ನಿಮ್ಮ ಮನೆಗೆ ಬರಲಾ? ನಿಮ್ಮ ಅಪ್ಪ ಅಮ್ಮನ ಹತ್ರ ಮಾತಾಡೋಕೆ."

ವಿನುತಾ ತಲೆ ತಗ್ಗಿಸಿದಳು. ಹಲಗೆಯನ್ನು ಮಾತ್ರ ಬಿಡಲಿಲ್ಲ.

"ಬನ್ನಿ. ಬರುವಾಗ ಆ ಫೋಟೋ ತನ್ನಿ."

"ಯಾಕೆ?"

"ಅಮ್ಮನೂ ಪೂರ್ತಿ ನೋಡಲಿ."